ಚೀಟಿಯ ಕೆಳಗಿನ ಹುಲ್ಲು

"ಗುರುಗಳೇ, ಒಳ್ಳೆಯ ಪುಸ್ತಕವನ್ನು ಹುಡುಕಿ ತಂದವನಿಗೆ ಆ ಪುಸ್ತಕದಲ್ಲಿ ಪಾಲಿಲ್ಲವೇ?"

ಕೇಳಿದವನು ಶರಭಯ್ಯ. ಗುರುಗಳು ನಡೆಸುತ್ತಿದ್ದ ಶಾಲೆಯಲ್ಲಿ ಪುಟ್ಟ ಮಕ್ಕಳ ಪುಸ್ತಕದ ಕೋಣೆಯನ್ನು ನೋಡಿಕೊಳ್ಳುವವನು ಅವನೇ. ಹೊಸದಾಗಿ ಬಂದ ಚಿತ್ರಪುಸ್ತಕಗಳಲ್ಲಿ ಒಳ್ಳೆಯದನ್ನು ಆರಿಸುವುದು, ಆರಿಸಿದ್ದನ್ನು ಸುತ್ತಲಿನ ಶಾಲೆಗಳಿಗೂ ತಿಳಿಸುವುದು ಅವನ ಕೆಲಸ. ಅವನು ಆರಿಸಿದ ಪುಸ್ತಕವನ್ನು ಮಕ್ಕಳು ಬೇಡವೆಂದದ್ದಿಲ್ಲ. ಆದರೆ ಹಿಂದಿನ ವಾರ ನೆರೆಯೂರಿನ ಮೇಷ್ಟರೊಬ್ಬರು, ಅವನು ಹುಡುಕಿಕೊಟ್ಟ ಪುಸ್ತಕವನ್ನೇ ತಾವು ಕಂಡುಹಿಡಿದವರಂತೆ ಅವನ ಮುಂದೆಯೇ ಹೊಗಳಿದ್ದರು. ಅದು ಅವನ ಮನಸ್ಸಿಗೆ ನಾಟಿತ್ತು. 'ಇದನ್ನು ಆರಿಸಿದವನು ಶರಭಯ್ಯ' ಎಂದು ಐನೂರು ಚೀಟಿ ಅಚ್ಚು ಹಾಕಿಸಿ, ಆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

ಗುರುಗಳು ಒಂದು ಚೀಟಿಯನ್ನು ಎತ್ತಿ ಬೆಳಕಿಗೆ ಹಿಡಿದರು. "ಅಕ್ಷರ ದುಂಡಗೆ ಬಂದಿದೆ," ಎಂದರು. ಅದನ್ನು ಕಟ್ಟಿನ ಮೇಲೆ ವಾಪಸಿಟ್ಟು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ಪುಸ್ತಕದಾಕೆ ಇದ್ದಳು. ಪುಸ್ತಕ ಬರೆಯುವವಳಲ್ಲ, ಮಾರುವವಳೂ ಅಲ್ಲ. ಹುಡುಕುವವಳು. ಎಲ್ಲಿ ಯಾರು ಪುಟ್ಟ ಮಕ್ಕಳಿಗೆಂದು ಚಿತ್ರ ಬರೆದು ಪುಸ್ತಕ ಮಾಡಿದರೂ ಅಲ್ಲಿಗೆ ಹೋಗಿ ನೋಡುವಳು. ನೂರು ನೋಡಿದರೆ ತೊಂಬತ್ತೊಂಬತ್ತನ್ನು ಬದಿಗಿಡುವಳು. ಉಳಿದ ಒಂದನ್ನು ಚೀಲದಲ್ಲಿಟ್ಟುಕೊಂಡು ಇಪ್ಪತ್ತು ಊರು ತಿರುಗುವಳು. "ಇದನ್ನು ಮಕ್ಕಳ ಕೈಗೆ ಕೊಡಿ" ಎಂದು ಅವಳು ಹೇಳಿದರೆ ಮುಗಿಯಿತು, ಶಾಲೆಯವರು ಮರುಮಾತಿಲ್ಲದೆ ತರಿಸುತ್ತಿದ್ದರು. ಹಂಗಿಗೆ ಬಿದ್ದು ಹೊಗಳಿದ್ದು ಅವಳ ಜನ್ಮದಲ್ಲಿಲ್ಲ. ಹೆಮ್ಮೆ ಇತ್ತು, ಬೇಕಾದಷ್ಟಿತ್ತು. ಇಪ್ಪತ್ತು ವರ್ಷ ಕಾಲು ಸವೆಸಿ ಗಳಿಸಿದ ಹೆಮ್ಮೆ. ಅದನ್ನು ನಾನು ಆಡಿಕೊಳ್ಳುವುದಿಲ್ಲ.

ಒಂದು ವರ್ಷ ಅವಳಿಗೊಂದು ಪುಸ್ತಕ ಸಿಕ್ಕಿತು. ಮಾಡಿದವನು ಯಾರೂ ಕೇಳರಿಯದ ಚಿತ್ರಗಾರ, ಅದು ಅವನ ಮೊದಲ ಪುಸ್ತಕ. ಕತೆ ಇಷ್ಟೇ. ಒಂದು ಕೋಳಿಯ ಮೊಟ್ಟೆ ಕಾಣೆಯಾಗುತ್ತದೆ. ಕೋಳಿ ಹುಡುಕುತ್ತ ಹೊರಡುತ್ತದೆ. ಬಾವಿಕಟ್ಟೆ, ಒರಳು, ಸೌದೆರಾಶಿ, ಎಮ್ಮೆಯ ಕಾಲಸಂದು, ಎಲ್ಲ ಕಡೆಯೂ ಇಣುಕುತ್ತದೆ. ಎಲ್ಲೂ ಇಲ್ಲ. ಕೊನೆಯ ಪುಟದಲ್ಲಿ ದಣಿದು ಕುಳಿತು ಹೇಳುತ್ತದೆ: "ಅಯ್ಯೋ, ನಾನು ಹೊರಟ ಕಡೆಯೇ ನೋಡಬೇಕಿತ್ತು!" ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಪುಸ್ತಕದಾಕೆ ಆ ಸಾಲನ್ನು ಓದಿ ಕಣ್ಣು ಮುಚ್ಚಿದಳು. ಎಂಥ ಮಾತು! ಮನುಷ್ಯ ಲೋಕವನ್ನೆಲ್ಲ ಅಲೆದು ಹುಡುಕುವುದು ಅವನೊಳಗೇ ಇದೆಯಲ್ಲ ಎಂದುಕೊಂಡಳು. ಇನ್ನೂ ಏನೇನೋ ಅಂದುಕೊಂಡಳು. ನಮ್ಮ ದೊಡ್ಡವರ ಪಾಡೇ ಹೀಗೆ, ಕೈಗೊಂದು ಕೋಳಿ ಸಿಕ್ಕರೂ ಸಾಕು, ಅದರ ಬಾಯಲ್ಲಿ ವೇದಾಂತ ನುಡಿಸಿಬಿಡುತ್ತೇವೆ.

ಚಿತ್ರಗಾರ ಕೈಕಟ್ಟಿ ನಿಂತಿದ್ದ. "ಅಮ್ಮಾ, ಮಕ್ಕಳು ಇದನ್ನು ಮೆಚ್ಚದಿದ್ದರೆ ಇನ್ನೊಂದು ಪುಸ್ತಕ ಮಾಡುವ ಧೈರ್ಯ ನನಗಿಲ್ಲ. ಅಂಗಡಿಗಳ ಬೋರ್ಡು ಬರೆಯುವ ಹಳೆಯ ಕೆಲಸಕ್ಕೇ ಹೋಗುತ್ತೇನೆ," ಎಂದ.

"ಹೋಗಬೇಕಾಗಿಲ್ಲ," ಎಂದಳು ಪುಸ್ತಕದಾಕೆ. "ಹೇಳುತ್ತಿರುವವಳು ನಾನು."

ತಾನು ಆರಿಸಿದ ಪುಸ್ತಕಕ್ಕೆಲ್ಲ ಒಂದು ಚೀಟಿ ಅಂಟಿಸುವುದು ಅವಳ ರೂಢಿ. ರಟ್ಟಿನ ಒಳಬದಿಯಲ್ಲಿ ಬೆರಳಗಲದ ಚೀಟಿ, ಅದರಲ್ಲಿ ಅವಳ ಹೆಸರು. ಈ ಪುಸ್ತಕಕ್ಕೆ ಬೆರಳಗಲ ಸಾಲದು ಅನ್ನಿಸಿತು. ಅಂಗೈಯಗಲದ ಕೆಂಪು ಚೀಟಿ ಮಾಡಿಸಿದಳು. ಆ ರಟ್ಟಿನ ಒಳಬದಿಯಲ್ಲಿ ಚಿತ್ರಗಾರ ಅಂಚಿನಿಂದ ಅಂಚಿಗೆ ಹಸಿರು ಹುಲ್ಲು ಬರೆದಿದ್ದ. ಒಂದಕ್ಷರವೂ ಇಲ್ಲದ ಪುಟ. ಚೆಂದಕ್ಕೆ ಬರೆದಿದ್ದಾನೆ ಎಂದುಕೊಂಡು ಮೊದಲ ದಿನವೇ ಅವಳು ಅದನ್ನು ದಾಟಿ ಮುಂದೆ ಹೋಗಿದ್ದಳು. ಈಗ ಇನ್ನೂರು ಪ್ರತಿಗಳಲ್ಲೂ ಆ ಹುಲ್ಲಿನ ನಟ್ಟನಡುವೆ ಮೈದಾ ಅಂಟು ಹಚ್ಚಿ, ಒಂದೂ ಸೊಟ್ಟಗಾಗದಂತೆ, ತಾನೇ ಕೈಯಾರೆ ಚೀಟಿ ಅಂಟಿಸಿದಳು. ಇನ್ನೂರು ಸಲವೂ ಅವಳ ಕಣ್ಣು ಚೀಟಿಯ ಮೇಲೆಯೇ ಇತ್ತು.

ಪುಸ್ತಕ ಇಪ್ಪತ್ತು ಊರಿಗೆ ಹೋಯಿತು. ತಿಂಗಳು ತುಂಬುವ ಮೊದಲೇ ಒಂದು ಊರಿನಿಂದ ಕಾಗದ ಬಂತು. ಮೊಟ್ಟೆ ಎಲ್ಲಿ ಎಂದು ಮಕ್ಕಳು ಕೇಳುತ್ತಾರೆ, ಏನು ಹೇಳಬೇಕೋ ನಮಗೆ ತಿಳಿಯದು ಎಂದು ಬರೆದಿದ್ದರು. ಇನ್ನೊಂದು ಊರಿನವರು, ಇಬ್ಬರು ಮಕ್ಕಳು ಅತ್ತರು, ಪುಸ್ತಕವನ್ನು ಬೀರುವಿನ ಮೇಲೆ ಎತ್ತಿಟ್ಟಿದ್ದೇವೆ ಎಂದರು. ಮೂರನೆಯ ಊರಿನವರು ಮುಚ್ಚುಮರೆ ಮಾಡಲಿಲ್ಲ. ನೀವು ಇದನ್ನು ನಿಜವಾಗಿ ಓದಿದ್ದೀರಾ ಎಂದು ಕೇಳಿಬಿಟ್ಟರು.

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಇಪ್ಪತ್ತು ವರ್ಷದ ಮಾತು ಒಂದು ಕೋಳಿಯಿಂದ ಹೋಗುತ್ತದೆಯೇ? ಅವಳ ಮಾತು ಹೋದರೆ ಆ ಚಿತ್ರಗಾರನ ಕೈಯೂ ನಿಂತಂತೆಯೇ. ಯೋಚಿಸಿ ಯೋಚಿಸಿ, ತಪ್ಪು ಪುಸ್ತಕದ್ದಲ್ಲ, ಓದಿ ಹೇಳುವವರಿಗೆ ಅರ್ಥ ಹೇಳಲು ಬಂದಿಲ್ಲ ಎಂದು ತೀರ್ಮಾನಿಸಿದಳು. ಬೆಳಗಾಗುತ್ತಲೇ ಮೂರನೆಯ ಊರಿಗೆ ಹೊರಟಳು.

ಶಾಲೆಯಲ್ಲಿ ಚಾಪೆಯ ಮೇಲೆ ಮಕ್ಕಳ ನಡುವೆ ಕುಳಿತು ಪುಸ್ತಕವನ್ನು ಓದಿದಳು. ಚೆನ್ನಾಗಿಯೇ ಓದಿದಳು. ಕೋಳಿ ಕುಳಿತಿತು, ಕೊನೆಯ ಮಾತು ಹೇಳಿತು. ಪುಸ್ತಕವನ್ನು ಚಾಪೆಯ ಮೇಲಿಟ್ಟು ಪುಸ್ತಕದಾಕೆ ಅರ್ಥ ಹೇಳಲು ತೊಡಗಿದಳು. ಅವಳ ಮುಂದೆ ಕುಳಿತಿದ್ದ ಒಬ್ಬ ಪುಟ್ಟ ಹುಡುಗಿ ಅದನ್ನು ಕೇಳುತ್ತಿರಲಿಲ್ಲ. ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು ಪುಟಗಳನ್ನು ಹಿಂದಕ್ಕೆ ಮಗುಚುತ್ತಿದ್ದಳು. ಎಮ್ಮೆ, ಸೌದೆರಾಶಿ, ಒರಳು, ಬಾವಿಕಟ್ಟೆ. ಕೋಳಿ ಹೊರಟ ಮೊದಲ ಪುಟಕ್ಕೆ ಬಂದಳು. ಅಲ್ಲಿ ಕೋಳಿಯ ಬಾಲ ಇನ್ನೂ ಹುಲ್ಲಿನೊಳಗೇ ಇತ್ತು. ಹುಡುಗಿ ಇನ್ನೊಂದು ಪುಟ ಹಿಂದಕ್ಕೆ ಮಗುಚಿದಳು. ಅಲ್ಲಿ ಕೆಂಪು ಚೀಟಿ.

ಹುಡುಗಿ ಅದರ ಮೂಲೆಗೆ ಉಗುರು ಹಾಕಿದಳು.

"ಏಯ್, ಕೀಳ್ಬೇಡ್ವೇ! ಅದು ಅಮ್ಮಾವ್ರ ಹೆಸರು!" ಎಂದು ಶಾಲೆಯ ಮೇಡಂ ಗದರಿಸಿದರು.

"ಇದರ ಕೆಳಗೂ ಹುಲ್ಲೈತೆ ಮಿಸ್ಸೇ," ಎಂದಳು ಹುಡುಗಿ. ಬೆರಳನ್ನು ಎಂಜಲು ಮಾಡಿಕೊಂಡು ಚೀಟಿಯನ್ನು ತಿಕ್ಕಿದಳು. ಮೈದಾ ಅಂಟು ನೆನೆದು ಸಡಿಲವಾಯಿತು. ಚೀಟಿ ಸುರುಳಿಯಾಗಿ ಮೇಲೆದ್ದಿತು. ಅದರ ಕೆಳಗೆ, ಹುಲ್ಲಿನ ಎರಡು ಎಸಳುಗಳ ನಡುವೆ, ಬಟಾಣಿಯಷ್ಟು ದಪ್ಪದ ಒಂದು ಬಿಳಿಯ ಮೊಟ್ಟೆ ಇತ್ತು.

"ಸಿಕ್ತು! ಸಿಕ್ತು! ಯಾರೋ ಮುಚ್ಚಿಟ್ಬಿಟ್ಟಿದ್ರು!"

ಮಕ್ಕಳೆಲ್ಲ ಮುಗಿಬಿದ್ದರು. ಹುಡುಗಿ ಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದು, ಒಬ್ಬೊಬ್ಬರಿಗೂ ತೋರಿಸುತ್ತ, ನಾನೇ ಹುಡುಕಿದ್ದು, ನಾನೇ ಹುಡುಕಿದ್ದು ಎಂದು ಕೋಣೆಯೆಲ್ಲ ಓಡಾಡಿದಳು. ಅರ್ಥ ಕೇಳುವವರು ಯಾರೂ ಉಳಿಯಲಿಲ್ಲ. ಪುಸ್ತಕದಾಕೆಯ ಮಡಿಲಲ್ಲಿ ಒದ್ದೆಯಾದ ಕೆಂಪು ಚೀಟಿ ಬಿದ್ದಿತ್ತು.

ಅವಳಿಗೆ ನಾಚಿಕೆಯಾಯಿತು. ನೆಲ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಚಿತ್ರಗಾರ ಮಕ್ಕಳಿಗೆಂದು ಇಟ್ಟಿದ್ದ ಗುಟ್ಟಿನ ಮೇಲೆ ತಾನೇ ಹೋಗಿ ಕುಳಿತಿದ್ದಳು, ಅದೂ ಅಂಗೈಯಗಲ. ಆದರೆ ಅವಳು ಎದ್ದು ಹೋಗಲಿಲ್ಲ. ಆ ಹುಡುಗಿಯ ಕೂಗು ಅವಳನ್ನು ಕೂರಿಸಿಕೊಂಡಿತು. ಇಪ್ಪತ್ತು ವರ್ಷದಲ್ಲಿ ಅವಳು ಪುಸ್ತಕ ಕೊಟ್ಟು, ಶಾಲೆಯವರಿಂದ ನಮಸ್ಕಾರ ಪಡೆದು, ಮುಂದಿನ ಊರಿಗೆ ಹೋಗಿಬಿಡುತ್ತಿದ್ದಳು. ಆ ಕೂಗನ್ನು ಕೇಳಲು ಒಂದು ದಿನವೂ ನಿಂತವಳಲ್ಲ.

ಮರುದಿನದಿಂದ ಒಂದು ಚೊಂಬು ನೀರು, ಒಂದು ಹಳೆಯ ಬಟ್ಟೆ ಹಿಡಿದುಕೊಂಡು ಊರೂರು ತಿರುಗಿದಳು. ಯಾಕೆ ಬಂದಿರೆಂದು ಕೇಳಿದವರಿಗೆ, ಪುಸ್ತಕ ಒರೆಸಲು ಬಂದೆ ಎಂದಳು. ಉಳಿದ ಚೀಟಿಗಳನ್ನೆಲ್ಲ ಚಿತ್ರ ಹರಿಯದಂತೆ ನೆನೆಸಿ ಕಿತ್ತಳು. ಕಿತ್ತ ಕೂಡಲೇ ಹೊರಟುಬಿಡಲಿಲ್ಲ, ಮಕ್ಕಳು ಪುಸ್ತಕ ತೆರೆಯುವ ತನಕ ಬಾಗಿಲ ಹೊರಗೆ ನಿಂತಳು. ಒಳಗೆ ಕೂಗು ಎದ್ದಾಗ ಅವಳ ಎದೆ ಉಬ್ಬುತ್ತಿತ್ತು. ಇವಳು ಸಣ್ಣವಳಾದಳು, ವಿನಯ ಕಲಿತಳು ಎಂದುಕೊಳ್ಳಬೇಡ. ಅವಳ ಹೆಮ್ಮೆ ಮೊದಲಿಗಿಂತ ಹೆಚ್ಚೇ ಆಯಿತು. ಅದನ್ನು ಅಂಟಿಸಲು ಜಾಗ ಬೇಕಾಗಲಿಲ್ಲ, ಅಷ್ಟೇ.

ಕೊನೆಯ ಊರಿನಲ್ಲಿ, ಚೊಂಬು ಬಟ್ಟೆ ಹಿಡಿದು ಬಂದ ಅವಳನ್ನು ಯಾರೂ ಗುರುತು ಹಿಡಿಯಲಿಲ್ಲ. ಬಾಗಿಲ ಬಳಿ ನಿಂತಿದ್ದವಳ ಸೆರಗನ್ನು ಒಂದು ಮಗು ಎಳೆಯಿತು. ಕೈಯಲ್ಲಿ ಅದೇ ಪುಸ್ತಕ. "ಅಜ್ಜೀ, ಇದು ಹೊಸಾದು. ನೀನೂ ಓದು, ಭಾಳ ಚೆನ್ನಾಗೈತೆ. ಇದ್ರಾಗೊಂದು ಗುಟ್ಟೈತೆ, ನಾನು ಹೇಳಾಕಿಲ್ಲ."

ಅಜ್ಜಿ ಎನ್ನಿಸಿಕೊಳ್ಳುವ ವಯಸ್ಸು ಅವಳದಲ್ಲ. ಬೇರೆ ದಿನವಾಗಿದ್ದರೆ ಮುಖ ಸಿಂಡರಿಸುತ್ತಿದ್ದಳು. ಅಂದು ಎರಡೂ ಕೈಯೊಡ್ಡಿ ಪುಸ್ತಕ ತೆಗೆದುಕೊಂಡು, ಮೆಟ್ಟಿಲ ಮೇಲೆ ಕುಳಿತು, ಮೊದಲ ಸಲ ನೋಡುವವಳಂತೆ ಹುಲ್ಲಿನಿಂದಲೇ ಶುರುಮಾಡಿದಳು. ಆ ಚಿತ್ರಗಾರ ಬೋರ್ಡು ಬರೆಯಲು ಹೋಗಲಿಲ್ಲ. ಅವನ ಎಂಟು ಪುಸ್ತಕಗಳನ್ನು ಆ ಸೀಮೆಯ ಮಕ್ಕಳು ಈಗಲೂ ಓದುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಶರಭಯ್ಯನಿಗೆ ಆ ಹೆಂಗಸಿನ ಮೇಲೆ ಗೌರವ ಹುಟ್ಟಿತ್ತು. ಅಂಥವರನ್ನು ಲೋಕ ಮರೆಯಬಾರದು, ತನ್ನ ಪುಸ್ತಕದ ಕೋಣೆಯ ಗೋಡೆಯ ಮೇಲಾದರೂ ಬರೆದಿಡಬೇಕು ಎನ್ನಿಸಿತು.

"ಗುರುಗಳೇ, ಆ ಪುಸ್ತಕದಾಕೆಯ ಹೆಸರೇನು?"

"ಅದು ಚೀಟಿಯಲ್ಲಿತ್ತು," ಎಂದರು ಗುರುಗಳು.

ಶರಭಯ್ಯ ತೊಡೆಯ ಮೇಲಿದ್ದ ಚೀಟಿಯ ಕಟ್ಟನ್ನು ತೆಗೆದು ಪಕ್ಕಕ್ಕಿಟ್ಟ.