ಹೊನ್ನವ್ವನ ಉಸಿರು

ಉಸಿರು ನಿಂತ ಕೂಸಿನ ಬಾಯಿಗೆ ಹೊನ್ನವ್ವ ತನ್ನ ಬಾಯಿಟ್ಟು ಊದಿದರೆ ಹೋದ ಜೀವ ತಿರುಗಿ ಬರುತ್ತದೆ ಎಂದು ಆ ಊರಿನಲ್ಲಿ ಎಲ್ಲರೂ ನಂಬಿದ್ದರು.

ಯಾವ ಊರು ಎಂದರೆ, ಹೊಳೆದಂಡೆಯ ಒಂದು ಊರು. ಯಾವ ಕಾಲ ಎಂದರೆ, ಬಹಳ ಹಿಂದಿನದು. ಅಕ್ಕಿ ಮಿಲ್ಲು ಬರುವುದಕ್ಕೆ ಮುಂಚಿನದು. ಅಷ್ಟು ಸಾಕು. ಇದಕ್ಕಿಂತ ಹೆಚ್ಚು ಗೊತ್ತಿದೆ ಎನ್ನುವವರನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ.

ಹೊನ್ನವ್ವ ಭತ್ತ ಕುಟ್ಟುವವಳು. ಅವಳ ಜೊತೆಗೆ ನೀಲವ್ವ, ತುಂಗವ್ವ, ದುರ್ಗಿ. ಮೊದಲಿಬ್ಬರು ಊರೊಳಗಿನವರು. ದುರ್ಗಿ ಊರಾಚೆಯ ಕೇರಿಯವಳು. ಅವಳ ಹೆಸರಿಗೆ ‘ಅವ್ವ’ ಇಲ್ಲದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಕುಟ್ಟುವ ಕೆಲಸ ಬಯಲಿನಲ್ಲಿ, ಹುಣಸೆ ಮರದ ಕೆಳಗೆ. ಒರಳು ಒಂದು, ಒನಕೆ ಮೂರು. ಹೊನ್ನವ್ವನ ಕೈಯಲ್ಲಿ ಮಾತ್ರ ಒನಕೆ ಇಲ್ಲ. ಅವಳು ಒರಳಿನ ಪಕ್ಕ ಕೂತು, ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಬೆರಳಾಡಿಸಿ ಚೆಲ್ಲಿದ ಭತ್ತವನ್ನು ಒಳಗೆ ನೂಕುತ್ತಿದ್ದಳು. ನೂಕುತ್ತ ಸುವ್ವಿ ಹಾಡುತ್ತಿದ್ದಳು. ಹಾಡಿನಲ್ಲಿ ಯಾರ ಹೆಸರು ಬಂತೋ ಅವಳ ಪಾಳಿ. ಹೆಸರು ಕೇಳಿದವಳು ‘ಹೂಂ’ ಎಂದು ಕುಟ್ಟಬೇಕು. ಹೂಂ ಬರದಿದ್ದರೆ ಹೊನ್ನವ್ವ ಬೆರಳು ಹಿಂದಕ್ಕೆ ತೆಗೆದು ಅದೇ ಹೆಸರನ್ನು ಮತ್ತೆ ಹಾಡುತ್ತಿದ್ದಳು. ಸಾಯುವ ತನಕ ಅವಳ ಹತ್ತು ಬೆರಳೂ ನೆಟ್ಟಗಿದ್ದವು ಎನ್ನುತ್ತಾರೆ. ಇದನ್ನು ನಾನು ನಂಬುತ್ತೇನೆ.

ಅವರು ಕುಟ್ಟಿದ ಅಕ್ಕಿ ಎಲ್ಲರ ಮನೆಗೂ ಹೋಗುತ್ತಿತ್ತು, ಗುಡಿಗೂ ಹೋಗುತ್ತಿತ್ತು. ಅಕ್ಕಿಗೆ ಮೈಲಿಗೆ ಇರಲಿಲ್ಲ. ಕುಟ್ಟಿದವಳಿಗೆ ಇತ್ತು.

ಹೊನ್ನವ್ವನಿಗೆ ಆ ಉಸಿರು ಎಲ್ಲಿಂದ ಬಂತು? ಒಬ್ಬ ಜಂಗಮ ಕೊಟ್ಟ ಎನ್ನುತ್ತಾರೆ. ಹೊಳೆಯವ್ವ ಕನಸಿನಲ್ಲಿ ಬಂದು ಊದಿ ಹೋದಳು ಎಂದೂ ಎನ್ನುತ್ತಾರೆ. ಹಾವಿನ ಹುತ್ತದಿಂದ ಬಂತು ಎನ್ನುವವರೂ ಇದ್ದಾರೆ. ಇಷ್ಟು ಕಡೆಯಿಂದ ಬಂದದ್ದು ಉಸಿರಲ್ಲ, ಗಾಳಿ. ಗೊತ್ತಿರುವುದು ಇಷ್ಟೇ: ಬಡವರ ಮನೆಗಳಲ್ಲಿ ಹುಟ್ಟಿದ ಕೂಸು ಅಳದೆ ಹೋದರೆ ಈ ನಾಲ್ವರನ್ನು ಕರೆಯುತ್ತಿದ್ದರು. ನಾಲ್ವರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎಷ್ಟೋ ಸಲ ಕೂಸು ಅಳುತ್ತಿತ್ತು. ಅಳದೆ ಇದ್ದದ್ದೂ ಉಂಟು. ಅದನ್ನು ಯಾರೂ ಹೇಳುವುದಿಲ್ಲ.

ಆ ಊರಿನವರು ನಂಬುತ್ತಲೂ ಇದ್ದರು, ಅನುಮಾನಪಡುತ್ತಲೂ ಇದ್ದರು. ಎರಡಕ್ಕೂ ಅವರಿಗೆ ಬಿಡುವು ಇತ್ತು. ಕೊಟ್ಟ ಉಸಿರು ಎಲ್ಲಿಂದಲೋ ತೆಗೆದದ್ದೇ ಇರಬೇಕಲ್ಲ? ಅಗಸರ ಕೂಸು ಬದುಕಿದ ವಾರವೇ ಕೊಟ್ರಯ್ಯನ ಕರು ಸತ್ತಿತು. ಕರು ಮೊದಲೇ ಕಜ್ಜಿ ಹತ್ತಿ ಬಡಕಲಾಗಿತ್ತು, ಆದರೆ ಲೆಕ್ಕ ಕೂಡಿತು. ಊದುವವಳು ಒಬ್ಬಳಾದರೆ ಉಳಿದ ಮೂವರು ಯಾಕೆ? ಒಬ್ಬಳು ಕೊಡುತ್ತಾಳೆ, ಮೂವರು ಕದ್ದು ತರುತ್ತಾರೆ ಎನ್ನುತ್ತಿದ್ದರು. ಹೊನ್ನವ್ವ ಬೀದಿಯಲ್ಲಿ ಬಂದರೆ ತಾಯಂದಿರು ಮಕ್ಕಳ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ತಮ್ಮ ಮನೆಯ ಕೂಸು ಅಳದಿದ್ದ ದಿನ ಅದೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಣಸೆ ಮರದ ಕಡೆ ಓಡುತ್ತಿದ್ದರು.

ಆಮೇಲೆ ಗೌಡರ ಮನೆಯ ದಿನ ಬಂತು.

ಗೌಡರ ಸೊಸೆ ಮುರಿಗೆವ್ವನಿಗೆ ಅದು ಮೂರನೆಯ ಹೆರಿಗೆ. ಮೊದಲ ಎರಡು ಕೂಸುಗಳು ಹುಟ್ಟಿ ಅಳಲಿಲ್ಲ. ಗೌಡರ ಮನೆಯಲ್ಲಿ ಮಡಿ ಹೆಚ್ಚು, ಹಾಗಾಗಿ ಭತ್ತ ಕುಟ್ಟುವವರನ್ನು ಕರೆದಿರಲಿಲ್ಲ. ಇದೂ ಅಳದಿದ್ದರೆ ಮುರಿಗೆವ್ವ ತವರಿಗೆ, ಗಂಡನಿಗೆ ಬೇರೆ ಮದುವೆ. ಆಚೆ ಊರಿನಲ್ಲಿ ಹೆಣ್ಣು ನೋಡಿಯೂ ಆಗಿತ್ತು. ಮುರಿಗೆವ್ವನಿಗೆ ಅದು ಗೊತ್ತಿತ್ತು.

ನಡುಮಧ್ಯಾಹ್ನ ಗಂಡು ಕೂಸು ಹುಟ್ಟಿತು. ಅಳಲಿಲ್ಲ. ಸೂಲಗಿತ್ತಿ ತಲೆಕೆಳಗೆ ಹಿಡಿದಳು, ಬೆನ್ನು ತಟ್ಟಿದಳು, ಕಂಚಿನ ತಟ್ಟೆ ಬಾರಿಸಿದಳು. ಕೊನೆಗೆ ಗೌಡರೇ ಆಳು ಕಳಿಸಿದರು. ತಲೆಯ ತುಂಬ ತೌಡಿನ ಪುಡಿ ಹೊತ್ತು ನಾಲ್ವರು ಓಡಿ ಬಂದರು. ಬಾಗಿಲಿಗೆ ಅಡ್ಡವಾಗಿ ಗೌಡಸಾನಿ ನಿಂತಿದ್ದಳು.

“ಉಸಿರು ಇರೋದು ನಿನ್ನ ಕಡೆ. ಈ ಮೂವರು ಯಾಕ? ಬೀಗರ ಊಟಕ್ಕ ಬಂದೀರೇನು?”

“ಒನಕಿ ಬ್ಯಾಡ, ಒರಳಷ್ಟ ಸಾಕಂದ್ರ ಅಕ್ಕಿ ಆಗತೈತೇನ್ರೀ ಗೌಡಸಾನಿ? ದಾರಿ ಬಿಡ್ರಿ,” ಎಂದಳು ಹೊನ್ನವ್ವ.

“ಮದ್ಲ ಮಡಿಲು ಬಿಚ್ಚಿ ತೋರಿಸ್ರಿ.”

ಒಳಗೆ ಕೂಸು ನೀಲಿಯಾಗುತ್ತಿತ್ತು, ಹೊರಗೆ ಮಡಿಲು ನೋಡುತ್ತಿದ್ದರು. ನೀಲವ್ವನ ಮಡಿಲಿನಿಂದ ಒಂದು ಹಿಡಿ ಪುಡಿ ಉದುರಿತು. ಮಾಟದ ಪುಡಿ ಎಂದು ಅಂಗಳದಲ್ಲಿ ಸೇರಿದ್ದ ಜನರ ನಡುವಿನಿಂದ ಕೊಟ್ರಯ್ಯ ಕೂಗಿದ.

“ತೌಡೋ ಯಪ್ಪಾ,” ಎಂದಳು ನೀಲವ್ವ. “ನಿಮ್ಮನಿ ಎಮ್ಮಿಗೆ ಗೊತ್ತಾಗತೈತಿ, ನಿನಗ ಗೊತ್ತಾಗವಲ್ದು.”

ಗೌಡಸಾನಿ ಮೂವರನ್ನು ಬಿಟ್ಟಳು. ದುರ್ಗಿಯನ್ನು ಬಿಡಲಿಲ್ಲ. ದುರ್ಗಿ ಅಂಗಳದಲ್ಲಿ ನಿಂತಳು, ಗೌಡಸಾನಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ಒಳಗೆ ಸುವ್ವಿ ಶುರುವಾಯಿತು.

ಹೆಣದ ಮುಂದೆ ಭತ್ತ ಕುಟ್ಟುವ ಹಾಡು! ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಾಡಿನಲ್ಲಿ ಯಾರ ಹೆಸರಿಗೂ ‘ಅವ್ವ’ ಇಲ್ಲ. ನೀಲಿಯ ಹೆಸರು ಬಂತು, ಒಳಗಿನಿಂದ ಹೂಂ ಕೇಳಿತು. ತುಂಗಿಯ ಹೆಸರು ಬಂತು, ಒಳಗಿನಿಂದ ಹೂಂ ಕೇಳಿತು. ದುರ್ಗಿಯ ಹೆಸರು ಬಂತು. ಹೂಂ ಅಂಗಳದಿಂದ ಬಂತು. ಕೆಲವರು ನಕ್ಕರು ಎನ್ನುತ್ತಾರೆ. ಹಾಡು ಮತ್ತೆ ಸುತ್ತಿ ಬಂತು. ನೀಲಿ, ಹೂಂ. ತುಂಗಿ, ಹೂಂ. ದುರ್ಗಿ. ಅಂಗಳದಲ್ಲಿ ದುರ್ಗಿ ಮುಚ್ಚಿದ ಬಾಗಿಲಿಗೆ ಹೂಂ ಎಂದಳು. ಈ ಸಲ ಯಾರೂ ನಗಲಿಲ್ಲ.

ಆಗ ಬಾಣಂತಿಯ ಕೂಗು ಕೇಳಿತು. ಊರಿನ ಎಲ್ಲರೂ ಈ ಮಾತನ್ನು ಒಂದೇ ರೀತಿ ಹೇಳುತ್ತಾರೆ, ಆದ್ದರಿಂದ ನಾನೂ ಹೇಳುತ್ತೇನೆ:

“ಅತ್ತೀ, ಆಕೀನ್ನ ಒಳಗ ಬಿಡ್ರಿ! ನನ್ನನ್ನ ಹೆಂಗೂ ನಾಳಿ ಹೊರಗ ಹಾಕೋರಿದ್ದೀರಿ, ಇವತ್ತ ಆಕೀನ್ನ ಒಳಗ ಬಿಡ್ರಿ!”

ಬಾಗಿಲು ತೆರೆಯಿತು. ಗೌಡಸಾನಿ ಸೆರಗನ್ನು ಮೈಗೆ ಬಿಗಿಯಾಗಿ ಹೊದ್ದು ಒಂದು ಪಕ್ಕಕ್ಕೆ ಸರಿದಳು. ದುರ್ಗಿ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಹಾಡು ನಡೆಯಿತು. ನೀಲಿ, ಹೂಂ. ತುಂಗಿ, ಹೂಂ. ದುರ್ಗಿ ಎಂದಾಗ ಮಾತ್ರ ಏನೂ ಕೇಳಲಿಲ್ಲ. ಮತ್ತೆ ಹೆಸರು ಬಂತು, ಮತ್ತೆ ಏನೂ ಕೇಳಲಿಲ್ಲ. ಹೊರಗಿದ್ದಾಗ ಗಂಟಲು ಹರಿಯುವಂತೆ ಹೂಂಗುಟ್ಟಿದವಳು ಒಳಗೆ ಹೋಗಿ ಸುಮ್ಮನೆ ನಿಂತಿದ್ದಾಳೆ ಎಂದ ಕೊಟ್ರಯ್ಯ. ಅಂಗಳ ಒಪ್ಪಿತು.

ಆಮೇಲೆ ಕೂಸು ಅತ್ತಿತು.

ಅರ್ಧ ದಿನ ಸತ್ತು ಬಿದ್ದಿದ್ದ ಕೂಸು ಎನ್ನುತ್ತಾರೆ. ಅರ್ಧ ದಿನ ಸತ್ತದ್ದು ಸತ್ತೇ ಇರುತ್ತದೆ. ಒಂದು ಎಲೆ ಅಡಿಕೆ ಜಗಿದು ಉಗಿಯುವಷ್ಟು ಹೊತ್ತಾಗಿದ್ದರೆ ಹೆಚ್ಚು. ಅತ್ತದ್ದು ಮಾತ್ರ ನಿಜ. ಅದರ ಮೊಮ್ಮಕ್ಕಳ ಮಕ್ಕಳು ಈಗಲೂ ಅಲ್ಲಿದ್ದಾರೆ, ಗದ್ದೆಯ ಬದುವಿಗೆ ಜಗಳವಾಡುತ್ತಿದ್ದಾರೆ. ಮುರಿಗೆವ್ವ ತವರಿಗೆ ಹೋಗಲಿಲ್ಲ.

ಗೌಡಸಾನಿ ಹೊಸ್ತಿಲಿಗೆ ಬಂದು ನಿಂತಳು.

“ಹೊನ್ನವ್ವ ಊದಿದ್ಲು. ಕೂಸು ಅತ್ತಿತು,” ಎಂದಳು.

“ಮತ್ತ ದುರ್ಗಿ ಯಾಕ ಒಳಗ ಹೋದ್ಲು?” ಎಂದು ಕೊಟ್ರಯ್ಯ ಕೇಳಿದ. ಒಳ್ಳೆಯ ಪ್ರಶ್ನೆ. ಅವನು ಬದುಕಿನಲ್ಲಿ ಕೇಳಿದ ಒಳ್ಳೆಯ ಪ್ರಶ್ನೆ ಅದೊಂದೇ ಇರಬೇಕು.

ಗೌಡಸಾನಿ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದಳು.

“ದೀಪ ಹಿಡಿಯಾಕ.”

ಸೂರ್ಯ ನೆತ್ತಿಯ ಮೇಲಿದ್ದ. ಬಾಣಂತಿ ಕೋಣೆ ಕತ್ತಲೆಯಲ್ಲವೇ ಎನ್ನುತ್ತಾರೆ. ಇರಲಿ. ಮುರಿಗೆವ್ವನನ್ನು ಕೇಳಿದಾಗ ಅವಳು ಅತ್ತೆಯ ಕಡೆ ನೋಡಿ ಹೌದೆಂದು ತಲೆಯಾಡಿಸಿದಳು. ಮನೆ ಈಗತಾನೇ ಉಳಿದಿತ್ತು; ಅದನ್ನು ಮತ್ತೆ ಪಣಕ್ಕಿಡುವಷ್ಟು ಅವಳು ಹೆಡ್ಡಿಯಲ್ಲ. ಹೊನ್ನವ್ವ ಅಂಗಳದಲ್ಲಿ ನಿಂತು, “ಉಸಿರು ನಂದಲ್ರೀ ಯಪ್ಪಾ,” ಎಂದಳು. ಎಂಥ ವಿನಯ ಎಂದು ಜನ ಕೈಮುಗಿದರು. ಅವಳು ಇನ್ನೊಮ್ಮೆ ಹೇಳಿದಳು. ಇನ್ನೊಮ್ಮೆ ಕೈಮುಗಿದರು. ಮೂರನೆಯ ಸಲ ಹೇಳದೆ ಒರಳಿನ ಕಡೆ ಹೊರಟಳು ಎನ್ನುತ್ತಾರೆ. ಭತ್ತ ಅರ್ಧಕ್ಕೆ ನಿಂತಿತ್ತು.

ಮಾರನೆಯ ದಿನ ಮನೆಯನ್ನೆಲ್ಲ ಸಗಣಿ ಹಾಕಿ ಸಾರಿಸಿದರು. ದುರ್ಗಿ ಮುಟ್ಟಿದ ದೀಪ ಮನೆಯಲ್ಲಿ ಇರಬಾರದೆಂದು ಹಿತ್ತಾಳೆಯ ದೀಪವೊಂದನ್ನು ಆಳಿನ ಕೈಯಲ್ಲಿ ಕೇರಿಗೆ ಕಳಿಸಿದರು.

“ಇದ್ಯಾವ ದೀಪ?” ಎಂದಳಂತೆ ದುರ್ಗಿ.

ಆಮೇಲೆ ಕಾಲ ಹೋಯಿತು, ಹೊನ್ನವ್ವ ಬೆಳೆದಳು. ಹೊಳೆಯಲ್ಲಿ ಮುಳುಗಿದ್ದ ಕುರುಬರ ಮಗುವನ್ನು ಊದಿ ಎಬ್ಬಿಸಿದಳು ಎಂದರು. ಆರಿದ ಒಲೆಯನ್ನು ಆಚೆ ದಂಡೆಯಿಂದ ಊದಿ ಹೊತ್ತಿಸಿದಳು ಎಂದರು. ಅವಳು ಸತ್ತಾಗ ಊರಿನಲ್ಲಿ ಒಂದು ಗಳಿಗೆ ಗಾಳಿಯೇ ಬೀಸಲಿಲ್ಲ ಎನ್ನುತ್ತಾರೆ. ಬೇಸಿಗೆಯಲ್ಲಿ ಆ ಊರಿನಲ್ಲಿ ದಿನಗಟ್ಟಲೆ ಗಾಳಿ ಬೀಸುವುದಿಲ್ಲ, ನಾನು ನೋಡಿದ್ದೇನೆ.

ಹುಣಸೆ ಮರದ ಕೆಳಗೆ ಈಗ ಉಸಿರವ್ವನ ಗುಡಿ ಇದೆ. ಒಳಗೆ ದುಂಡನೆಯ ಬಾಯಿ ಕೊರೆದ ಒಂದು ಕಲ್ಲು. ಕೂಸು ಹುಟ್ಟಿದ ಮನೆಯವರು ಒಂದು ಬೊಗಸೆ ಹೊಸ ಅಕ್ಕಿ ತರುತ್ತಾರೆ. ಹೊನ್ನವ್ವನ ವಂಶದ ಹೆಂಗಸು ಕೂಸಿನ ಮುಖಕ್ಕೆ ಊದುತ್ತಾಳೆ. ಕೇರಿಯ ಹೆಂಗಸೊಬ್ಬಳು ಮೆಟ್ಟಿಲ ಕೆಳಗೆ ಹಿತ್ತಾಳೆಯ ದೀಪ ಹಿಡಿದು ನಿಲ್ಲುತ್ತಾಳೆ, ಹಗಲಾಗಿದ್ದರೂ. ಅದು ಅವರ ಮನೆತನದ ಹಕ್ಕಂತೆ, ದುರ್ಗಿಯಿಂದ ಬಂದದ್ದಂತೆ. ಊದಿದ ಮೇಲೆ ಎಲ್ಲರೂ ಸೇರಿ ಸುವ್ವಿ ಹಾಡುತ್ತಾರೆ. ಯಾಕೆ ಹಾಡುತ್ತೀರಿ ಎಂದರೆ, ಅವತ್ತು ಹಾಡಿದ್ದರು ಅದಕ್ಕೆ ಎನ್ನುತ್ತಾರೆ.

ಆ ದಿನದ ಬಗ್ಗೆ ಅವರು ಹೇಳುವುದು ಒಂದಕ್ಕೊಂದು ಹೊಂದುವುದಿಲ್ಲ. ಬಿಸಿಲೋ ಮೋಡವೋ, ಗೌಡರು ಅತ್ತರೋ ಇಲ್ಲವೋ, ಎಲ್ಲದಕ್ಕೂ ಜಗಳ. ಒಂದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ, ಅಂಗಳದಲ್ಲಿದ್ದವರು ತಮ್ಮ ಮಕ್ಕಳಿಗೆ ಆಣೆಯಿಟ್ಟು ಹೇಳಿದ್ದು: ದುರ್ಗಿ ಒಳಗೆ ಹೋದಾಗಿನಿಂದ ಕೂಸು ಅಳುವ ತನಕ ಹೊನ್ನವ್ವನ ಹಾಡು ಒಂದು ಸಲವೂ ನಿಲ್ಲಲಿಲ್ಲ.