ಕಾಲಿಟ್ಟರೆ ಕಲಕುವ ನೀರು

ಧಾರವಾಡದಲ್ಲಿ ಮೊಬೈಲ್ ಗೇಮುಗಳಿಗೆ ಚಿತ್ರ ಬರೆಯುವ ಒಂದು ಪುಟ್ಟ ಕಂಪನಿ ಇತ್ತು. ಅಲ್ಲಿನ ಹಿರಿಯ ಚಿತ್ರಕಾರ ಮಡಿವಾಳಪ್ಪ. ಹೊಸದಾಗಿ ಸೇರಿದ ಕಸ್ತೂರಿಗೆ ಅವರು ಮೊದಲ ಕೆಲಸ ಕೊಟ್ಟರು. ಮಳೆ ಬಿಟ್ಟ ಬೀದಿ, ನಡುವೆ ತಗ್ಗಿನಲ್ಲಿ ನಿಂತ ನೀರು. ಆಟದ ನಾಯಕ ಕೊಡೆ ರಿಪೇರಿಯ ಮುದುಕ. ಅವನು ಆ ನೀರನ್ನು ತುಳಿದುಕೊಂಡೇ ಹೋಗಬೇಕು. ನೀರು ನೀರಿನಂತೆ ಕಂಡರೆ ಇಡೀ ಬೀದಿಯ ಕೆಲಸ ಅವಳಿಗೆ, ಇಲ್ಲವಾದರೆ ಬೇರೆಯವರಿಗೆ.

ಕಸ್ತೂರಿ ಜಾಣೆ. ನೀರಿಗೆ ನೀಲಿ ಬಳಿಯಲಿಲ್ಲ. ಅಂಚಿನ ಮಣ್ಣನ್ನು ಒದ್ದೆಯಾಗಿ ಕಪ್ಪಗೆ ಮಾಡಿದಳು. ಒಳಗೆ ಬೂದು ಆಕಾಶವಿಟ್ಟು, ಬೀದಿಯ ಗಡಿಯಾರ ಗೋಪುರವನ್ನು ತಲೆಕೆಳಗಾಗಿ ಬರೆದಳು. ಒಂದು ಇಟ್ಟಿಗೆಯನ್ನೂ ಬಿಡಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳು ಹೆತ್ತದ್ದು ನಿಜಕ್ಕೂ ಮುದ್ದಾಗಿತ್ತು, ತೊಂದರೆಯಾದದ್ದೇ ಅಲ್ಲಿ.

“ಮುದುಕ ಕಾಲಿಟ್ಟರ ಏನಾಗ್ತದ?” ಎಂದು ಮಡಿವಾಳಪ್ಪ ಕೇಳಿದರು.

“ಏನೂ ಆಗೂದಿಲ್ರೀ ಸರ. ಇಷ್ಟು ಚಂದ ಬಂದದ, ಯಾಕ ಕಲಕೂದು?”

ಮಡಿವಾಳಪ್ಪ ಆಟವನ್ನು ಆಡಿ ನೋಡಿ ಹೇಳಲು ಕರೆಸಿದ್ದ ಕೆಲವರ ಕೈಗೆ ಕೊಟ್ಟರು. ನೀರು ಬಂದೊಡನೆ ಎಲ್ಲರೂ ಮುದುಕನನ್ನು ಅದರ ಮೇಲಿಂದ ಜಿಗಿಸಿ ದಾಟಿಸಿದರು.

“ಕನ್ನಡಿ ಬಿದ್ದದ ಅಂತ ಮಾಡಿದ್ದೆ. ಪಾಪ, ಮುದುಕನ ಕಾಲಿಗೆ ಚುಚ್ಚೀತಲ್ಲ,” ಎಂದಳು ಒಬ್ಬ ಹೆಂಗಸು. ಕಸ್ತೂರಿಯ ಮುಖ ಸಣ್ಣಗಾಯಿತು.

ಮಡಿವಾಳಪ್ಪ ಅವಳನ್ನು ಹಿತ್ತಲಿಗೆ ಕರೆದೊಯ್ದು ಅಲ್ಲಿನ ಬೇವಿನ ಮರದ ಬಳಿಯ ತಗ್ಗಿಗೆ ಒಂದು ಕೊಡ ನೀರು ಸುರಿದರು. ನೀರು ತಿಳಿಯಾದ ಮೇಲೆ ಮರ ಅದರಲ್ಲಿ ಮೂಡಿತು. ಅವರು ಚಪ್ಪಲಿ ಕಾಲನ್ನೇ ಅದರಲ್ಲಿಟ್ಟರು. ಮರ ಚೂರುಚೂರಾಯಿತು.

“ಅಯ್ಯ ಸರ, ಕೆಡಿಸಿದ್ರಿ,” ಎಂದಳು ಕಸ್ತೂರಿ.

“ತಡಿ,” ಎಂದು ಅವರು ಕಾಲು ತೆಗೆದರು. ತುಸು ಹೊತ್ತಿಗೆ ಮರ ತಾನಾಗಿ ಮತ್ತೆ ಕೂಡಿಕೊಂಡಿತು. “ಕೆಟ್ಟದ್ದು ಮರದ ಚಿತ್ರ. ನೀರಿಗೇನಾತು?”

ಕಸ್ತೂರಿ ಒಳಗೆ ಹೋಗಿ, ತಾನೇ ಬರೆದ ಗೋಪುರವನ್ನು ಅಡ್ಡಡ್ಡ ಪಟ್ಟಿಗಳಾಗಿ ಕತ್ತರಿಸಿದಳು. ಈಗ ಮುದುಕ ಕಾಲಿಟ್ಟರೆ ಆ ಪಟ್ಟಿಗಳು ಅತ್ತಿತ್ತ ಸರಿದು ಗೋಪುರ ನಡುಗುತ್ತಿತ್ತು. ಅವನು ದಾಟಿದ ಮೇಲೆ ಮೆಲ್ಲಗೆ ಒಂದಾಗುತ್ತಿತ್ತು.

ಆಟ ಮತ್ತೆ ಅದೇ ಹೆಂಗಸಿನ ಕೈಗೆ ಹೋಯಿತು. ಅವಳು ಮುದುಕನನ್ನು ನೀರಿಗೆ ಇಳಿಸಿದಳು, ದಾಟಿಸಿದಳು, ತಿರುಗಿಸಿ ಮತ್ತೆ ಇಳಿಸಿದಳು. ಇಟ್ಟಿಗೆಗಳ ಬಗ್ಗೆ ಒಂದು ಮಾತೂ ಆಡಲಿಲ್ಲ.

“ಕಾಲೆಲ್ಲಾ ತೊಯ್ದು ಹೋದುವು ಪಾಪ,” ಎಂದಳು. “ಮುದುಕಗ ಒಂದು ಟಾವೆಲ್ ಬರೀರಿ.”

ಇಡೀ ಬೀದಿಯ ಕೆಲಸ ಕಸ್ತೂರಿಗೇ ಬಂತು. ಅವಳು ಮೊದಲು ಬರೆದದ್ದು ಟಾವೆಲ್.

ನೀತಿ: ನಾವು ಮಾಡಿದ್ದು ಎಷ್ಟೇ ಚೆಂದವಿರಲಿ, ಅದು ಯಾರಿಗಾಗಿ ಇದೆಯೋ ಅವರು ಮುಟ್ಟಿ ಕಲಕಲು ಬಿಡಬೇಕು. ಮುಟ್ಟಗೊಡದೆ ಕಾಪಾಡಿದ ಚೆಂದವನ್ನು ಜನ ದಾಟಿಕೊಂಡು ಹೋಗುತ್ತಾರೆ.