ಮರಿಸಿದ್ದ ಪರದೆ ಹಂಚಿದ್ದು

ಒಬ್ಬ ತಾಯಿ, ಅವಳಿಗೊಬ್ಬನೇ ಮಗ. ತಾಯಿ ಚಿಕ್ಕತಾಯಮ್ಮ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವಳು. ದ್ರಾವಣ ಅಳೆಯುವ ಇಪ್ಪತ್ತನಾಲ್ಕು ಗಾಜಿನ ಬುರೆಟ್ಟುಗಳನ್ನು ದಿನಾ ತೊಳೆದಿಟ್ಟು, ಒಂದನ್ನೂ ಒಡೆಯದೆ ನಿವೃತ್ತಿಯಾದಳು. ಆ ಜಾಗಕ್ಕೆ ಮಗ ಮರಿಸಿದ್ದ ಹಂಗಾಮಿಯಾಗಿ ಸೇರಿದ. ವಯಸ್ಸು ಮೂವತ್ತಾಗಿದ್ದರೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೆದ್ದ.

ಆ ವರ್ಷ ಹೊಸ ಪ್ರಿನ್ಸಿಪಾಲರು ಬಂದರು. ಬಂದವರೇ ಬುರೆಟ್ಟುಗಳನ್ನೆಲ್ಲ ಗುಜರಿಗೆ ಹಾಕಿ, ಪ್ರೊಜೆಕ್ಟರು, ಗೋಡೆಯಗಲ ಬಟ್ಟೆಯ ಪರದೆ ತಂದರು. ಇನ್ನು ಬಿ.ಎಸ್ಸಿ. ಮಕ್ಕಳು ಪ್ರಯೋಗ ನೋಡಿದರೆ ಸಾಕಂತೆ, ಮಾಡಬೇಕಾಗಿಲ್ಲವಂತೆ. ಚಿಕ್ಕತಾಯಮ್ಮನಿಗೆ ಮೈಯೆಲ್ಲ ಉರಿಯಿತು. ಮಗನ ಕೆಲಸ ಕಾಯಂ ಆಗಬೇಕಲ್ಲ, ಅದಕ್ಕೆ ಸುಮ್ಮನಾದಳು.

ಪ್ರಿನ್ಸಿಪಾಲರಿಗೆ ಅಚ್ಚಗನ್ನಡದ ಹುಚ್ಚು. ಲಿಂಕ್ ಅನ್ನರು, ಕೊಂಡಿ ಅನ್ನುವರು. "ನಾಳೆಯ ಪಾಠಕ್ಕೆ ಮಕ್ಕಳಿಗೆಲ್ಲ ಕೊಂಡಿ ಕಳಿಸು" ಅಂದರು.

ಮರಿಸಿದ್ದ ಸ್ಕ್ರೂಡ್ರೈವರ್ ಹಿಡಿದ. ಕಾಲೇಜಿನ ಬಾಗಿಲುಗಳ ಕೊಂಡಿಗಳನ್ನೆಲ್ಲ ಬಿಚ್ಚಿ, ಕಕ್ಕಸಿನದನ್ನೂ ಬಿಡದೆ, ನಲವತ್ತು ಮಕ್ಕಳಿಗೂ ಕಳಿಸಿಕೊಟ್ಟ. ಮಾರನೇ ದಿನ ಪ್ರಿನ್ಸಿಪಾಲರು ಕಕ್ಕಸಿನ ಬಾಗಿಲನ್ನು ಕಾಲಲ್ಲಿ ಒತ್ತಿ ಹಿಡಿದುಕೊಂಡೇ ಅವನನ್ನು ಬೈದರು.

"ಅಯ್ಯೋ ನಿನ್ನ ಬುದ್ಧಿಗಿಷ್ಟು" ಅಂದಳು ತಾಯಿ. "ಅದು ಫೋನಲ್ಲಿ ಹೋಗೋ ಕೊಂಡಿ ಕಣ್ಲಾ. ಇನ್ಮೇಲೆ ಏನ್ ಕಳಿಸು ಅಂದ್ರೂ ಫೋನಲ್ಲೇ ಕಳಿಸು."

"ಆಗ್ಲಿ ಕಣವ್ವ."

ಇನ್ನೊಂದು ದಿನ ಮಕ್ಕಳು ಬೆಳಗಿನಿಂದ ಪರದೆ ನೋಡಿ ನೋಡಿ ಬಾಯಾರಿ ಕೂತಿದ್ದರು. "ಕುಡಿಯಲು ನೀರು ಕಳಿಸು" ಅಂದರು ಪ್ರಿನ್ಸಿಪಾಲರು. ಮರಿಸಿದ್ದ ತುಂಬಿದ ಕೊಡದ ಫೋಟೋ ಹೊಡೆದು ಮಕ್ಕಳ ವಾಟ್ಸಾಪ್ ಗ್ರೂಪಿಗೆ ಹಾಕಿದ. ಒಂದು ಹುಡುಗಿ ತಲೆ ಸುತ್ತಿ ಬಿದ್ದಳು. ಮತ್ತೆ ಬೈಗುಳ.

"ಫೋಟೋ ಕುಡಿದ್ರೆ ದಾಹ ಹೋದದಾ?" ತಾಯಿ ಹಣೆ ಚಚ್ಚಿಕೊಂಡಳು. "ಮಕ್ಳಿಗೆ ಕೊಡೋದನ್ನ ಕೈಗೇ ಕೊಡ್ಬೇಕು. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಮ್ಮಿ ಮಾಡ್ದೆ ಸಮವಾಗಿ ಹಂಚ್ಬೇಕು."

"ಆಗ್ಲಿ ಕಣವ್ವ."

ಮಾರನೇ ದಿನ ಪರದೆಯ ಮೇಲಿನ ಪಾಠ ಮಕ್ಕಳ ಫೋನಿಗೂ ಹೋಗಬೇಕಿತ್ತು. ಅದಕ್ಕೂ ಪ್ರಿನ್ಸಿಪಾಲರದು ಅಚ್ಚಗನ್ನಡವೇ, ಸ್ಕ್ರೀನ್ ಶೇರ್ ಅನ್ನರು. "ಮರಿಸಿದ್ದ, ಪರದೆ ಹಂಚು" ಅಂದು ಹೊರಟರು.

ಅವರು ತಿರುಗಿ ಬರುವಷ್ಟರಲ್ಲಿ ಪರದೆ ನಲವತ್ತು ತುಂಡಾಗಿ ಮಕ್ಕಳ ಕೈಯಲ್ಲಿತ್ತು. ಸ್ಕೇಲು ಇಟ್ಟು ಅಳೆದು ಕತ್ತರಿಸಿದ್ದ. ಒಂದೂ ಹೆಚ್ಚುಕಮ್ಮಿ ಇರಲಿಲ್ಲ.

ಪ್ರಿನ್ಸಿಪಾಲರ ಕೋಪ ನೆತ್ತಿಗೇರಿತು. ಮಾರನೇ ದಿನವೇ ತಪಾಸಣೆ ಸಮಿತಿ ಬರುವುದಿತ್ತು. ಪರದೆಯ ಜಾಗಕ್ಕೆ ಹಾಸ್ಟೆಲಿನ ಬಿಳಿ ದುಪ್ಪಟಿ ಕಟ್ಟಿಸಿದರು, ಲ್ಯಾಬಿನ ಖಾಲಿ ಬೀರುಗಳಿಗೆ ಬಣ್ಣ ಹೊಡೆಸಿದರು. ಚಿಕ್ಕತಾಯಮ್ಮನನ್ನೂ ಕರೆಸಿ, ಅವಳ ಎದುರಿಗೇ ಹೇಳಿದರು: "ನಾಳೆ ಏನೂ ಕಳಿಸಬೇಡ, ಏನೂ ಹಂಚಬೇಡ. ಬಂದವರಿಗೆ ಎಲ್ಲಾ ಇದ್ದ ಹಾಗೆ ತೋರಿಸು. ಅಷ್ಟು ಮಾಡಿದರೆ ಕಾಯಂ, ಇಲ್ಲದಿದ್ದರೆ ಮನೆಗೆ."

"ಸಾಹೇಬ್ರು ಹೇಳಿದ್ದನ್ನ ಒಂದಕ್ಷರ ಬಿಡ್ಬ್ಯಾಡ ಕಣೋ" ಅಂದಳು ತಾಯಿ.

ಮಾರನೇ ದಿನ ಮಧ್ಯಾಹ್ನ ಉಣ್ಣುವ ಹೊತ್ತಿಗೆ ಮಗ ದೊಡ್ಡ ಬೀಗದ ಕೈ ಆಡಿಸುತ್ತ ಮನೆಗೆ ಬಂದ.

"ತೋರಿಸಿದ್ಯೇನ್ಲಾ?"

"ಇದ್ದಂಗೇ ತೋರಿಸ್ದೆ ಕಣವ್ವ. ಇದು ಪರದೆ ಅಲ್ಲ, ಹಾಸ್ಟೆಲ್ ದುಪ್ಪಟಿ ಅಂದೆ. ಬೀರು ತೆಗೆದು, ಇಲ್ಲಿ ನಮ್ಮವ್ವ ತೊಳೆದಿಟ್ಟಿದ್ದ ಬುರೆಟ್ಟು ಇದ್ವು, ಸಾಹೇಬ್ರು ಗುಜರಿಗೆ ಹಾಕಿದ್ರು ಅಂದೆ. ಈ ವರ್ಷ ಮಕ್ಳು ಒಂದು ಪ್ರಯೋಗನೂ ಕೈಯಾರೆ ಮಾಡಿಲ್ಲ ಅಂದೆ. ಸಾಹೇಬ್ರು ಹಲ್ಲು ಕಚ್ಚಿ, ಮುಚ್ಚೋ ಸಾಕು ಅಂದ್ರು."

"ಬಾಯಿ ಮುಚ್ಚಿದ್ಯಾ?"

"ಬಾಯಿ ಅನ್ನಲಿಲ್ವಲ್ಲವ್ವ. ಕಾಲೇಜು ಮುಚ್ಚಿದೆ. ಗಂಟೆ ಹೊಡೆದು ಮಕ್ಳನ್ನ ಮನೆಗೆ ಕಳಿಸಿ, ಗೇಟಿಗೆ ಬೀಗ ಹಾಕ್ಕಂಡು ಬಂದೆ."

"ಕೆಲ್ಸ? ಕಾಯಂ ಆಯ್ತಾ?"

"ಕೇಳೋಕಾಗಲಿಲ್ಲ. ಸಾಹೇಬ್ರೂ ಸಮಿತಿಯವ್ರೂ ಒಳಗೇ ಅವ್ರೆ."

ಚಿಕ್ಕತಾಯಮ್ಮ ಬೈಯಲು ಬಾಯಿ ತೆರೆದಳು. ಖಾಲಿ ಬೀರು ಕಣ್ಣ ಮುಂದೆ ಬಂತು. ಬೀಗದ ಕೈ ಇಸಕೊಂಡು ಸೆರಗಿಗೆ ಗಂಟು ಹಾಕಿದಳು.

"ಕೈ ತೊಳ್ಕೊ" ಅಂದಳು. "ಮೊದ್ಲು ಉಣ್ಣು. ಆಮೇಲೆ ಹೋಗಿ ತೆಗೆದರಾಯ್ತು."